ಏನೂ ಹೇಳಬೇಡಿ, ಡಾಕ್ಟರೇ

"ಸ್ವಲ್ಪ ತಣ್ಣಗಾಗುತ್ತೆ ನೋಡಿ," ಎಂದರು ಡಾಕ್ಟರಮ್ಮ.

ಜೆಲ್ಲು ಹೊಟ್ಟೆಯ ಮೇಲೆ ಬಿದ್ದದ್ದೇ ತಡ, ಸೂಜಿಯ ಮೈಯೆಲ್ಲ ಜುಮ್ಮೆಂದಿತು.

ಸೂಜಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕೂದಲೆಳೆಯಷ್ಟು ಸಂದು ಕಂಡರೂ ನುಗ್ಗಿಬಿಡುತ್ತಾಳೆ ಎಂದು ಅವಳು ಕೆಲಸ ಮಾಡುವ ಪೊಲೀಸ್ ಠಾಣೆಯವರು ಇಟ್ಟದ್ದು. ಇವತ್ತು ಅವಳು ಈ ಸ್ಕ್ಯಾನಿಂಗ್ ಕೋಣೆಗೆ ನುಗ್ಗಿದ್ದು ಬಸುರಿಯಾಗಿ. ಅದಕ್ಕೆ ವೇಷ ಬೇಕಿರಲಿಲ್ಲ. ಹೊಟ್ಟೆಯಲ್ಲಿದ್ದದ್ದು ನಿಜವಾದ ಕೂಸೇ. ಎರಡು ಸಲ ಮಡಿಲಿಗೆ ಬಾರದೆ ಜಾರಿಹೋದ ಮೇಲೆ ನಿಂತ ಬಸಿರು.

"ಮೊದಲೇ ಒಂದು ಮಾತು ಕೇಳ್ತೀನಿ. ಇಲ್ಲಿಗೆ ಬರೋ ಎಲ್ಲರನ್ನೂ ಕೇಳೋದೇ," ಎಂದರು ಡಾಕ್ಟರಮ್ಮ. ಮನೆಯವರನ್ನೆಲ್ಲ ಹೊರಗೆ ಕಳಿಸಿ, ಹೊತ್ತವಳನ್ನು ಒಂಟಿಯಾಗಿ ಕೇಳುವುದು ಅವರ ಪದ್ಧತಿ. "ನನಗೆ ಕಂಡಿದ್ದೆಲ್ಲ ಹೇಳ್ಲಾ? ವಾಸಿಯಾಗೋ ಅಂಥದ್ದನ್ನ ಮಾತ್ರ ಹೇಳ್ಲಾ? ಇಲ್ಲ, ಏನೂ ಹೇಳ್ಬಾರದಾ? ನಿಮ್ಮ ಜೀವಕ್ಕೇ ಅಪಾಯ ಇದ್ರೆ ಮಾತ್ರ ನಾನು ಸುಮ್ಮನಿರಲ್ಲ. ಉಳಿದದ್ದು ನಿಮ್ಮಿಷ್ಟ."

"ಏನೂ ಹೇಳ್ಬೇಡಿ, ಡಾಕ್ಟರೇ."

ಠಾಣೆಯಲ್ಲಿ ಹತ್ತು ಸಲ ಅಭ್ಯಾಸ ಮಾಡಿಕೊಂಡು ಬಂದ ಮಾತು. ಆದರೆ ಹೇಳಿದ ಕ್ಷಣವೇ ಅವಳಿಗೆ ಗೊತ್ತಾಯಿತು, ತಾನು ನಟಿಸುತ್ತಿಲ್ಲ ಎಂದು. ಹೇಗಿದ್ದರೂ ಇದು ನಮ್ಮದೇ, ಮುಖ ನೋಡಿಯೇ ಪರಿಚಯ ಮಾಡಿಕೊಳ್ಳೋಣ ಎಂದು ಅವಳೂ ಅವಳ ಗಂಡನೂ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ಎಂದೋ ತೀರ್ಮಾನಿಸಿದ್ದರು.

ಡಾಕ್ಟರಮ್ಮ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಗೋಡೆಯ ಮೇಲಿದ್ದ ದೊಡ್ಡ ಪರದೆಯನ್ನು ಆರಿಸಿದರು. ಮೂಲೆಯಲ್ಲಿ ಬಿಳಿ ಬಟ್ಟೆ ಮಡಿಸುತ್ತಿದ್ದ ಆಯಾ, ಎಲ್ಲರ ಬಾಯಲ್ಲೂ 'ಚಿಕ್ಕಮ್ಮ', ಬಂದು ಸೂಜಿಯ ಕೈ ಹಿಡಿದುಕೊಂಡಳು. "ಹೆದರ್ಬೇಡ ಮಗಳೇ, ಉಸಿರು ಬಿಡು" ಎಂದಳು.

ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ಹೊಟ್ಟೆಯ ಮೇಲೆ ಅದರ ಹಿಡಿ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ನಿಂತು, ಮತ್ತೆ ಜಾರಿತು. ಸೂಜಿ ಡಾಕ್ಟರಮ್ಮನ ಮುಖ ನೋಡಬಾರದು ಎಂದು ಚಾವಣಿ ನೋಡಿದಳು. ಚಾವಣಿಯಲ್ಲಿ ಒಂದು ಬಿರುಕಿತ್ತು. ಕಳ್ಳರನ್ನು ಬೆನ್ನಟ್ಟಿ ಮಹಡಿ ಹಾರಿದ ಹೆಂಗಸು ಆ ಬಿರುಕಿಗೆ ಜೋತುಬಿದ್ದು ಮಲಗಿದಳು.

"ಆಯ್ತಮ್ಮ," ಎಂದರು ಡಾಕ್ಟರಮ್ಮ. ಕಾಗದದ ಮೆತ್ತನೆ ಚೂರು ತೆಗೆದು, ಎಣ್ಣೆ ಹಚ್ಚಿದ ಮಗುವನ್ನು ಒರೆಸುವ ಹಾಗೆ, ನಿಧಾನವಾಗಿ ಅವಳ ಹೊಟ್ಟೆ ಒರೆಸಿದರು. "ಬಟ್ಟೆ ಸರಿಮಾಡ್ಕೊಂಡು ಹೋಗಿ ಬನ್ನಿ."

ಚಿಕ್ಕಮ್ಮ ಅವಳನ್ನು ಎಬ್ಬಿಸಿ ಕೂರಿಸಿದಳು. ಅವಳ ಕೈ ಯಾಕೋ ಸ್ವಲ್ಪ ಬಿಗಿಯಾಗಿತ್ತು.

*

ಹೊರಗೆ ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ಅವಳ 'ಅತ್ತೆ' ಕಾಯುತ್ತಿದ್ದಳು. ಠಾಣೆಯ ಹಿರಿಯ ಪೇದೆಯಮ್ಮ. ದರ್ಜೆಯಲ್ಲಿ ಕಿರಿಯಳು, ವಯಸ್ಸಿನಲ್ಲಿ ತಾಯಿ ಸಮಾನ, ಬಾಯಲ್ಲಿ ಎಲ್ಲರಿಗಿಂತ ಮೇಲು.

"ಬಂದೆಯೇನೇ ಮುದ್ದು ಸೊಸೆ? ಒಳಗೆ ನಿದ್ದೆ ಹೊಡೆದೆಯೋ ಹೇಗೆ?" ಎಂದು ಕಾರಿಡಾರಿಗೆಲ್ಲ ಕೇಳುವ ಹಾಗೆ ಗದರಿದಳು. ಆಮೇಲೆ ಪಿಸುಗುಟ್ಟಿದಳು, "ಮೇಡಂ, ಹೇಗಿದೆ ನನ್ನ ದನಿ?"

"ನಮ್ಮತ್ತೆ ಕೇಳಿದ್ರೆ ನಿಮ್ಮ ಹತ್ರ ಪಾಠಕ್ಕೆ ಬರ್ತಾರೆ."

"ಇಪ್ಪತ್ತು ವರ್ಷ ಕೇಳಿಸ್ಕೊಂಡಿದೀನಮ್ಮ. ಹೇಳೋಕೆ ಇವತ್ತು ಅವಕಾಶ ಸಿಕ್ಕಿದೆ, ಬಿಡ್ತೀನಾ?"

ಪೇದೆಯಮ್ಮನ ಕೈಚೀಲದಲ್ಲಿ ಒಂದು ಫೋನಿತ್ತು. ಸೂಜಿ ಇಲ್ಲಿ ಕೊಟ್ಟ 'ಮನೆಯ ನಂಬರ್' ಅದರದು. ಬಲೆ ಎಂದರೆ ಅಷ್ಟೇ.

ಬೇಕರಿಯಲ್ಲಿ ಕೆಲಸ ಮಾಡುವ ಹುಡುಗಿ ಕಾಣೆಯಾಗಿ ಒಂದು ವಾರವಾಗಿತ್ತು. ಅವಳೂ ಇದೇ ಮೇಜಿನ ಮೇಲೆ ಮಲಗಿ 'ಏನೂ ಹೇಳ್ಬೇಡಿ' ಎಂದಿದ್ದಳು. ಆ ಮಧ್ಯಾಹ್ನವೇ ಅವಳ ಅತ್ತೆಗೆ ಕರೆ ಬಂತು: "ನಿಮ್ಮ ಸೊಸೆ ಹೊಟ್ಟೇಲಿರೋ ಮಗು ಸರಿಯಿಲ್ಲ. ಅವಳಿಗೆ ತಿಳ್ಕೊಳ್ಳೋದು ಬೇಡ್ವಂತೆ. ನೀವಾದ್ರೂ ತಿಳ್ಕೊಳ್ಳಿ." ಅಂದಿನಿಂದ ಮನೆಯವರು ತೆಗೆಸು, ತೆಗೆಸು ಎಂದು ಗಂಟುಬಿದ್ದರು. ಒಂದು ಬೆಳಿಗ್ಗೆ ಕೆಲಸಕ್ಕೆಂದು ಹೊರಟ ಹುಡುಗಿ ಬೇಕರಿಗೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ಅಂಥದೇ ಕರೆ ಇನ್ನಿಬ್ಬರ ಮನೆಗೂ ಹೋಗಿತ್ತು.

ಈ ಉಪಾಯ ಹೇಳಿದ ದಿನ ಸೂಜಿಯ ಗಂಡ ಊಟದ ತಟ್ಟೆ ದೂಡಿದ್ದ. "ಯಾವನೋ ಕಳ್ಳನ್ನ ಹಿಡಿಯೋಕೆ ನಿನ್ನ ಹೊಟ್ಟೆ ಏನು ಸರ್ಕಾರಿ ಆಸ್ತಿಯಾ?"

"ಹೇಗಿದ್ರೂ ಸ್ಕ್ಯಾನಿಂಗ್ ಆಗ್ಲೇಬೇಕಲ್ಲ. ಅಲ್ಲಿ ಆದ್ರೇನು, ಇಲ್ಲಿ ಆದ್ರೇನು? 'ಹೇಳ್ಬೇಡಿ' ಅಂದವರ ಮನೆಗೆಲ್ಲ ಕರೆ ಹೋಗುತ್ತೆ. ಸುಮ್ಮನೆ ಹೆದರಿಸೋಕೆ ಮಾಡ್ತಾರೆ. ನಮಗೂ ಮಾಡ್ತಾರೆ, ಸಿಕ್ಕಿಬೀಳ್ತಾರೆ."

ಅವಳು ಹಾಗೇ ನಂಬಿದ್ದಳು.

ಊಟದ ಬಿಡುವಿನ ಗಂಟೆ ಹೊಡೆಯಿತು. ಕಾದಿದ್ದವರೆಲ್ಲ ಎದ್ದು ಹೋದರು. ಹಿಂಬಾಗಿಲ ಮೆಟ್ಟಿಲ ಮೇಲೆ ಚಿಕ್ಕಮ್ಮ ಬುತ್ತಿ ಬಿಚ್ಚಿ ಕೂತಳು. ಫೋನನ್ನು ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡು ತುತ್ತಿಗೊಂದು ಮಾತಾಡುತ್ತಿದ್ದಳು. ನಗುತ್ತಿದ್ದಳು. ಒಂದು ಗಳಿಗೆ ದನಿ ತಗ್ಗಿತು. ಆಮೇಲೆ ಮತ್ತೆ ಉಪ್ಪು, ಖಾರದ ಮಾತು.

"ಫೋನ್ ಬೇಗ ಬರ್ಲಿ ಮೇಡಂ, ಬಾಯಿ ಕಡೀತಿದೆ ನನಗೆ," ಎಂದಳು ಪೇದೆಯಮ್ಮ.

ಸೂಜಿಗೆ ಒಂದು ವಿಷಯ ಬೆಳಗಿನಿಂದ ಹಲ್ಲಿನ ಸಂದಿಯ ನಾರಿನ ಹಾಗೆ ಕಾಡುತ್ತಿತ್ತು. ಮೂರು ಮನೆಗೆ ಬಂದ ಕರೆಯಲ್ಲೂ ಒಂದೇ ಮಾತು, 'ಮಗು ಸರಿಯಿಲ್ಲ'. ಹೃದಯವೋ, ಮೂಳೆಯೋ, ಮಿದುಳೋ, ಯಾವುದೂ ಇಲ್ಲ. ಪರದೆ ಕದ್ದು ನೋಡಿದವರು ಅಷ್ಟಕ್ಕೇ ಸುಮ್ಮನಿರುತ್ತಾರೆಯೇ? ಹೆದರಿಸಬೇಕೆಂದಿದ್ದರೆ ಕಾಯಿಲೆಯ ಹೆಸರಿಗಿಂತ ದೊಡ್ಡ ಆಯುಧ ಉಂಟೇ?

ಅವಳು ಎದ್ದಳು. "ನೀವಿಲ್ಲೇ ಇರಿ," ಎಂದು ಹೇಳಿ ಸ್ಕ್ಯಾನಿಂಗ್ ಕೋಣೆಯ ಬಾಗಿಲು ತಟ್ಟಿದಳು.

*

ಗುರುತಿನ ಚೀಟಿ ನೋಡಿದ ಡಾಕ್ಟರಮ್ಮನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ಪೊಲೀಸಿನವರಾ? ಮತ್ತೆ ನನ್ನ ಹತ್ರ ಬಂದು ಮಲಗಿದ್ದು ನಾಟಕವಾ?"

"ಹೊಟ್ಟೆ ನಾಟಕ ಅಲ್ಲ ಡಾಕ್ಟರೇ. ನೀವೇ ನೋಡಿದ್ರಲ್ಲ."

ಡಾಕ್ಟರಮ್ಮ ಕಣ್ಣು ತಪ್ಪಿಸಿದರು. "ಬೇಕರಿ ಹುಡುಗಿ ವಿಷಯ ನನಗೂ ಗೊತ್ತು. ನಾನು ಯಾರಿಗೂ ಹೇಳಿಲ್ಲ. ಆ ಹೆಣ್ಣುಮಕ್ಕಳ ಸ್ಕ್ಯಾನಿಂಗ್ ಚಿತ್ರವನ್ನೂ ಬೀಗ ಹಾಕಿ ಇಡ್ತೀನಿ, ಬೇರೆ ಯಾರ ಕೈಗೂ ಸಿಗಲ್ಲ."

"ಹೇಳೋದಿಲ್ಲ ಅಂತ ಯಾಕೆ ಒಪ್ಕೋತೀರಿ? ನಿಮಗೆ ಕಂಡಿರುತ್ತಲ್ಲ?"

"ಕಂಡಿರುತ್ತೆ. ರಾತ್ರಿ ನಿದ್ದೇನೂ ಬರಲ್ಲ ಕೆಲವು ಸಲ." ಡಾಕ್ಟರಮ್ಮ ಕುರ್ಚಿಗೆ ಒರಗಿದರು. "ಶುರುವಿನಲ್ಲಿ ಎಲ್ಲ ಹೇಳಿಬಿಡ್ತಿದ್ದೆ. ಕೇಳಿದ್ರೂ, ಕೇಳದಿದ್ರೂ. ಒಬ್ಬಳು ನನ್ನ ಬಾಯಿ ಮುಚ್ಚೋಕೆ ಕೈ ಚಾಚಿದಳು, ಅಷ್ಟರಲ್ಲಿ ನಾನು ಹೇಳಿ ಮುಗಿಸಿದ್ದೆ. ಹೆರೋ ತನಕ ಆಯಮ್ಮ ಒಂದು ದಿನ ನಗಲಿಲ್ಲ. ಅವಳ ಹೊಟ್ಟೆ, ಅವಳ ತಿಂಗಳುಗಳು. ಅದನ್ನ ಕಿತ್ಕೊಳ್ಳೋಕೆ ನಾನ್ಯಾರು? ಅದಕ್ಕೆ ಈಗ ಕೇಳಿ, ಅವರು ಅಂದಷ್ಟೇ ಹೇಳೋದು."

"ಸರಿ, ಇದೊಂದು ಹೇಳಿ. ಮೂರು ಮನೆಗೆ ಕರೆ ಹೋಯ್ತು. ಅವು ನಿಜದ ಕರೆಗಳಾ, ಸುಳ್ಳಾ?"

"ಅದನ್ನ ಹೇಳಿದ್ರೆ ಅವರ ವಿಷಯ ಹೇಳಿದ ಹಾಗಾಗುತ್ತೆ."

"ಒಂದು ಹುಡುಗಿ ಕಾಣ್ತಿಲ್ಲ ಡಾಕ್ಟರೇ. ಬಸುರಿ ಹುಡುಗಿ."

ಡಾಕ್ಟರಮ್ಮ ದನಿ ತಗ್ಗಿಸಿದರು. "ನಿಜ. 'ಹೇಳ್ಬೇಡಿ' ಅಂದವರು ತುಂಬಾ ಜನ ಇದ್ರು. ಏನೂ ತೊಂದ್ರೆ ಇಲ್ಲದವರ ಮನೆಗೆ ಒಂದು ಕರೆಯೂ ಹೋಗಿಲ್ಲ."

ಸೂಜಿ ಬಾಗಿಲ ಕಡೆ ತಿರುಗಿದಳು.

ಹಾಗಾದರೆ ಕೈಚೀಲದಲ್ಲಿರುವ ಆ ಫೋನು? ಅದು ಹೊಡೆದುಕೊಂಡರೆ ಕಳ್ಳ ಸಿಕ್ಕ. ಅದು ಹೊಡೆದುಕೊಂಡರೆ ತನ್ನ ಕೂಸು… ಬಲೆಗೆ ಕಟ್ಟಿದ ಆಹಾರ ತಾನೇ, ತನ್ನ ಮಗುವೇ. ಇಷ್ಟು ಸುಲಭದ ಲೆಕ್ಕ ತಪ್ಪಿತಲ್ಲ! ಪೇದೆಯಮ್ಮ ಹೊರಗೆ ಕರೆ ಬರಲಿ, ಬರಲಿ ಎಂದು ಕಾಯುತ್ತಿದ್ದಾಳೆ.

ಓಡಿಹೋಗಿ ಆ ಫೋನನ್ನು ನೀರಿಗೆ ಹಾಕಿಬಿಡಬೇಕು ಅನಿಸಿತು. ಅವಳೊಳಗಿನ ಪೊಲೀಸಿನವಳು ಮಾತ್ರ ಹಟ ಹಿಡಿದು ಕೂತಿದ್ದಳು.

"ನೀವು ಬೆಳಿಗ್ಗೆ ಮಾಡಿದ್ದನ್ನೆಲ್ಲ ಇನ್ನೊಂದು ಸಲ ಮಾಡಿ ತೋರಿಸಿ," ಎಂದಳು. ದನಿ ತನ್ನದಲ್ಲವೇನೋ ಎಂಬಂತಿತ್ತು. "ಕಾಯಿಲೆ ಯಾವುದು ಅಂತ ಕರೆ ಮಾಡಿದವರಿಗೆ ಗೊತ್ತಿಲ್ಲ. ಇದೆ ಅಂತ ಮಾತ್ರ ಗೊತ್ತು. ಅಂದ್ರೆ ಅವರು ಪರದೆ ನೋಡಿಲ್ಲ, ನಿಮ್ಮನ್ನ ನೋಡಿದಾರೆ."

"ನಾನು ಮುಖದಲ್ಲಿ ಏನೂ ತೋರಿಸಲ್ಲ. ಕನ್ನಡಿ ಮುಂದೆ ಕೂತು ಕಲಿತಿದೀನಿ."

"ಮಾಡಿ ತೋರಿಸಿ."

ಡಾಕ್ಟರಮ್ಮ ಒಲ್ಲದ ಮನಸ್ಸಿನಿಂದ ಖಾಲಿ ಮೇಜಿನ ಮುಂದೆ ಕೂತರು. ಜೆಲ್ಲು ಹಾಕಿದಂತೆ, ಹಿಡಿ ಆಡಿಸಿದಂತೆ ಮಾಡಿದರು. ಅವರ ಮುಖ ನಿಜಕ್ಕೂ ಹಾಲಿನ ಕೆನೆಯ ಹಾಗಿತ್ತು, ಒಂದು ಗೆರೆಯೂ ಇಲ್ಲ. ಹಿಡಿಯನ್ನು ಸ್ಥಳಕ್ಕೆ ಇಟ್ಟರು. ಕಾಗದದ ಸುರುಳಿಯಿಂದ ಒಂದು ಚೂರು ಹರಿದು, ಮೇಜಿನ ಆ ಕಡೆಗೆ ನೀಡಿದರು.

"ಯಾಕೆ ನೀಡಿದ್ರಿ?"

"ಒರೆಸ್ಕೊಳ್ಳೋಕೆ. ಅವರೇ ಒರೆಸ್ಕೋತಾರೆ."

"ಎಲ್ಲರೂ?"

"ಹೌದು, ಎಲ್ಲ…" ಡಾಕ್ಟರಮ್ಮನ ಕೈ ಗಾಳಿಯಲ್ಲೇ ನಿಂತಿತು.

"ನನಗೆ ನೀವೇ ಒರೆಸಿದ್ರಿ," ಎಂದಳು ಸೂಜಿ.

ಡಾಕ್ಟರಮ್ಮ ತಮ್ಮ ಅಂಗೈಯನ್ನೇ ನೋಡುತ್ತಾ ಕೂತರು. ಮುಖಕ್ಕೆ ಪಾಠ ಕಲಿಸಿದ್ದರು. ಕೈಗೆ ಕಲಿಸಿರಲಿಲ್ಲ.

"ಬೇಕರಿ ಹುಡುಗಿಗೂ ನಾನೇ ಒರೆಸಿದ್ದೆ," ಎಂದರು ಮೆಲ್ಲಗೆ. "ಉಳಿದಿಬ್ಬರಿಗೂ. ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು. ಅಯ್ಯೋ, ನನಗೇ ಗೊತ್ತಿರಲಿಲ್ಲ."

ಸೂಜಿಯ ಎರಡೂ ಕೈ ತಾವಾಗಿಯೇ ಹೊಟ್ಟೆಯನ್ನು ತಬ್ಬಿಕೊಂಡವು, ಯಾರೋ ಕಿತ್ತುಕೊಳ್ಳಲು ಬಂದಂತೆ.

"ಕೇಳ್ತೀರಾ?" ಎಂದರು ಡಾಕ್ಟರಮ್ಮ.

"ಬೇಡ."

"ಈಗ ಅರ್ಧ ಗೊತ್ತಾಗಿದೆ. ಅರ್ಧ ಗೊತ್ತಿರೋದು…"

"ಬೇಡ ಅಂದೆನಲ್ಲ!"

ಕೂಗಿದ್ದು ಕೇಳಿ ಚಿಕ್ಕಮ್ಮ ಬಾಗಿಲು ತೆರೆದು ಇಣುಕಿದಳು. ಅವಳ ಹಿಂದೆಯೇ ಪೇದೆಯಮ್ಮ ನುಗ್ಗಿ ಬಂದಳು. ಕೈಯಲ್ಲಿ ಫೋನು. ಮುಖದಲ್ಲಿ ಗೆದ್ದವರ ಹಿಗ್ಗು.

"ಬಂತು ಮೇಡಂ! ಬಂದೇಬಿಡ್ತು! ಇನ್ನೂ ಲೈನಲ್ಲೇ ಇದಾಳೆ."

*

ಸೂಜಿ ಕೈ ಚಾಚಲಿಲ್ಲ. ಅವಳ ಮುಖ ನೋಡಿ ಪೇದೆಯಮ್ಮನ ಹಿಗ್ಗು ಅಲ್ಲೇ ಇಳಿಯಿತು. ಫೋನಿನ ಬಾಯಿಗೆ ಕೈ ಮುಚ್ಚಿ ಪಿಸುಗುಟ್ಟಿದಳು:

"ನಾನು ಅತ್ತೆ ಅಂದ್ರೆ ನನ್ನ ಜೊತೆ ಮಾತೇ ಬೇಡ್ವಂತೆ. ಹೊತ್ತವಳಿಗೇ ಕೊಡಿ ಅಂತಾಳೆ. ಇನ್ನೊಂದು ಮೇಡಂ, ನಂಬರ್ ನೋಡಿ. ಬೇಕರಿ ಹುಡುಗಿದು. ವಾರದಿಂದ ಆಫ್ ಆಗಿತ್ತಲ್ಲ, ಅದೇ!"

ಸೂಜಿ ಫೋನು ತೆಗೆದುಕೊಂಡು, ಎಲ್ಲರಿಗೂ ಕೇಳುವಂತೆ ಗುಂಡಿ ಒತ್ತಿ ಮೇಜಿನ ಮೇಲೆ ಇಟ್ಟಳು. "ಹಲೋ."

"ನೀವೇನಾ ಇವತ್ತು ಸ್ಕ್ಯಾನಿಂಗ್‌ಗೆ ಹೋದವರು?" ಹೆಣ್ಣು ದನಿ. ಎಳೆಯದು, ದಣಿದದ್ದು. "ಮೊದಲೆಲ್ಲ ಅತ್ತೆಯಂದಿರಿಗೆ ಹೇಳ್ತಿದ್ದೆ. ತಪ್ಪಾಯ್ತು. ಅವರು ಏನು ಮಾಡ್ತಾರೆ ಅಂತ ಈಗ ಗೊತ್ತಾಗಿದೆ ನನಗೆ. ಅದಕ್ಕೆ ನಿಮಗೇ ಹೇಳೋಣ ಅಂತ…"

ಧಡ್ ಎಂದು ಸದ್ದಾಯಿತು. ಚಿಕ್ಕಮ್ಮನ ಕೈಯಿಂದ ಬುತ್ತಿಯ ಡಬ್ಬಿ ಬಿದ್ದಿತ್ತು.

"ಅದು ನನ್ನ ಮಗಳು," ಎಂದಳು ಚಿಕ್ಕಮ್ಮ, ತುಟಿ ಮಾತ್ರ ಅಲುಗಿಸಿ. ಗೋಡೆ ಹಿಡಿದು ಕುಸಿದಳು. "ಊಟದ ಹೊತ್ತಲ್ಲಿ ದಿನಾ ಮಾತಾಡ್ತೀನಿ. 'ಪಾಪ, ಇವತ್ತೂ ಡಾಕ್ಟರು ಒಬ್ಬಳಿಗೆ ತಾವೇ ಒರೆಸಿದ್ರು, ಏನಿದೆಯೋ' ಅಂತ ಅಂದಿರ್ತೀನಿ. ಅಷ್ಟೇ. ಮಗಳ ಹತ್ರ ಅಮ್ಮ ಆಡೋ ಮಾತು. ಅಷ್ಟೇ ಕಣಮ್ಮ."

ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡರು. ಬಸುರಿಯರಿಗೆ ಮುಂದಿನ ತಪಾಸಣೆಯ ದಿನ ನೆನಪಿಸಲು ಮನೆಯಿಂದಲೇ ಫೋನ್ ಮಾಡುವ ಕೆಲಸವನ್ನು ಆ ಮಗಳಿಗೆ ಕೊಟ್ಟವರು ಅವರೇ. ಎಲ್ಲರ ಮನೆಯ ನಂಬರೂ ಅವಳ ಬಳಿ ಇತ್ತು. ಆಸ್ಪತ್ರೆಗೆ ಕಾಲೇ ಇಡದವಳ ಮೇಲೆ ಯಾರ ಅನುಮಾನ ಹೋದೀತು?

"ಎಲ್ಲಿದಾಳೆ ಅವಳು?" ಸೂಜಿ ಪಿಸುಗುಟ್ಟಿದಳು.

"ಗೊತ್ತಿಲ್ಲಮ್ಮ. ಮಗು ಹೋದ ಮೇಲೆ ಮನೆ ಬದಲಾಯಿಸಿದಳು. ಬರ್ಬೇಡ ಅಂದಳು. ಫೋನಷ್ಟೇ."

"ಅಮ್ಮ ಅಲ್ಲೇ ಇದಾಳಾ?" ಫೋನಿನ ದನಿ ಗಡಸಾಯಿತು. "ಹಾಗಾದ್ರೆ ಡಾಕ್ಟರೂ ಅಲ್ಲೇ ಇರ್ತಾರೆ. ಒಳ್ಳೇದೇ ಆಯ್ತು. ಡಾಕ್ಟರೇ, ನಾನೂ ಅದೇ ಮೇಜಿನ ಮೇಲೆ ಮಲಗಿ ಹೇಳ್ಬೇಡಿ ಅಂದಿದ್ದೆ. ನೀವು ಮಾತು ಉಳಿಸ್ಕೊಂಡ್ರಿ. ನಾನು ಸ್ವೆಟರ್ ಹೆಣೆದೆ, ತೊಟ್ಟಿಲಿಗೆ ಬಣ್ಣ ಹೊಡೆದೆ. ಹುಟ್ಟಿದ ದಿನವೇ ಹೋಯ್ತು. ನಿಮಗೆ ಗೊತ್ತಿತ್ತು. ನಾನು ಹೆಣೀತಿದ್ದಾಗೆಲ್ಲ ನಿಮಗೆ ಗೊತ್ತಿತ್ತು!"

"ಅವತ್ತು ನೀನು ಹೇಳು ಅಂದಿದ್ರೆ…"

"ಗೊತ್ತಿಲ್ಲದವಳು ಹೇಗೆ ಕೇಳ್ತಾಳೆ ಡಾಕ್ಟರೇ?"

ಅಷ್ಟರಲ್ಲಿ ಫೋನಿನ ಆಚೆ ಇನ್ನೊಂದು ಸದ್ದು ಕೇಳಿತು. ಹಲ್ಲು ಕಚ್ಚಿ ನರಳುವ ಸದ್ದು. ಹೆರಿಗೆ ಕಂಡ ಹೆಂಗಸರಿಗೆ ಅದನ್ನು ಯಾರೂ ವಿವರಿಸಬೇಕಿಲ್ಲ.

"ಬೇಕರಿ ಹುಡುಗಿ," ಎಂದರು ಡಾಕ್ಟರಮ್ಮ, ಎದ್ದು ನಿಂತು. "ಅವಳಿಗೆ ದಿನ ತುಂಬಿಲ್ಲ! ಎಲ್ಲಿದೀರ ಹೇಳಮ್ಮ, ಈಗ್ಲೇ ಆಂಬುಲೆನ್ಸ್ ಕಳಿಸ್ತೀನಿ."

"ಬೀದಿಲಿ ಅಳ್ತಾ ನಿಂತಿದ್ದಳು, ನಾನೇ ಕರ್ಕೊಂಡು ಬಂದೆ. ಬೆಳಗಿನಿಂದ ನೋವು. ವಿಳಾಸ ಹೇಳ್ತೀನಿ, ಅವಳಿಗೇನೂ ಆಗ್ಬಾರದು ನನಗೆ. ಆದ್ರೆ ಮೊದಲು ನೀವು ಬಾಯಿ ಬಿಡ್ಬೇಕು. ನಿಮ್ಮ ಮುಂದಿರೋ ಆ ತಾಯಿಗೆ ಅವಳ ಮಗುವಿನದು ಪೂರ್ತಿ ಹೇಳಿ. ನನಗೆ ಕೇಳಿಸ್ಬೇಕು."

ಪೇದೆಯಮ್ಮ ಕೈಸನ್ನೆ ಮಾಡಿದಳು: ಏನಾದರೂ ಒಂದು ಸುಳ್ಳು ಹೇಳಿ ಡಾಕ್ಟರೇ, ಸಣ್ಣದು, ಬಾಯಿಗೆ ಬಂದದ್ದು. ಡಾಕ್ಟರಮ್ಮ ಆಗದು ಎಂದು ತಲೆಯಾಡಿಸಿದರು. ಒಂದು ತುಂಡು ಕಾಗದದಲ್ಲೂ ಸುಳ್ಳಾಡಲು ಬಾರದ ಹೆಂಗಸು ಬಾಯಲ್ಲಿ ಹೇಗೆ ಆಡಿಯಾಳು? ಫೋನಿನಲ್ಲಿದ್ದವಳು ಅವರ ದನಿಯನ್ನು ವರ್ಷಗಳಿಂದ ಬಲ್ಲವಳು.

"ನೀವು ಒಪ್ಪದೆ ನಾನು ಹೇಳಲ್ಲ," ಎಂದರು ಡಾಕ್ಟರಮ್ಮ ಸೂಜಿಗೆ. "ಆ ಹುಡುಗಿಗೋಸ್ಕರ ಕೂಡ. ಇದು ನಿಮ್ಮದು."

ಆಚೆ ನರಳಿಕೆ ಏರಿತು, ಮುರಿಯಿತು, ಮತ್ತೆ ಏರಿತು. "ಅಕ್ಕಾ, ಆಗ್ತಿಲ್ಲ ಅಕ್ಕಾ," ಎಂದು ಒಂದು ಸಣ್ಣ ದನಿ ಯಾರನ್ನೋ ಬೇಡಿಕೊಂಡಿತು.

ಸೂಜಿಗೆ ತನ್ನ ಗಂಡ ನೆನಪಾದ. ಅವನಿಗೆ ಕೊಟ್ಟ ಮಾತು ನೆನಪಾಯಿತು. ಇನ್ನು ನಾಲ್ಕು ತಿಂಗಳು, ಹಗಲೂ ರಾತ್ರಿ, ತಿಳಿದದ್ದನ್ನು ಹೊತ್ತುಕೊಂಡೇ ಓಡಾಡಬೇಕು. ಒಮ್ಮೆ ಕೇಳಿದ ಮಾತನ್ನು ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ. ಹೊಟ್ಟೆಯೊಳಗೆ ಕೂಸು ಮೆಲ್ಲಗೆ ಮಗ್ಗುಲು ಬದಲಿಸಿತು, ಏನೂ ಅರಿಯದ ಹಾಗೆ.

ಅವಳು ಡಾಕ್ಟರಮ್ಮನ ಕಡೆ ನೋಡಿ, ಹೇಳಿ ಎಂಬಂತೆ ತಲೆಯಾಡಿಸಿದಳು. ಒಂದೇ ಸಲ.

ಡಾಕ್ಟರಮ್ಮ ಮೂಲೆಯಲ್ಲಿದ್ದ ಕುರ್ಚಿಯನ್ನು ಎಳೆದು ಅವಳ ಹಿಂದೆ ತಂದಿಟ್ಟರು.

"ಕೂತ್ಕೊಳ್ಳಿ," ಎಂದರು. "ನಿಂತು ಕೇಳೋ ಮಾತಲ್ಲ ಇದು."